ಇಲ್ಲದ ಕಾರಿಗೆ ಪರೀಕ್ಷೆ

"ದೊಡ್ಡವಳಾದ ಮೇಲೆ ಒಂದು ಸಲ ನಿನ್ನ ಜೊತೆ ನಾನೂ ನಾಟಕ ಮಾಡ್ತೀನಿ. ನೀನು ಏನು ಹೇಳಿದ್ರೂ ಬೇಡ ಅನ್ನಲ್ಲ, ಇಲ್ಲ ಅನ್ನಲ್ಲ. ಆಯ್ತಾ? ಈಗ ಮೂಗು ಒರೆಸ್ಕೋ."

ಮಗಳಿಗೆ ಆಗ ಆರು ವರ್ಷ. ಎರಡು ಕುರ್ಚಿಗಳ ನಡುವೆ ಹೊದಿಕೆ ಕಟ್ಟಿ, ಅದರ ಹಿಂದಿನಿಂದ ಒಬ್ಬಳೇ ರಾಜ, ಒಬ್ಬಳೇ ಕಳ್ಳ, ಒಬ್ಬಳೇ ಕುದುರೆಯಾಗಿ ಕುಣಿದು, ಆಟ ಮುಗಿದ ಮೇಲೆ ಹೊದಿಕೆ ಸರಿಸಿ ನೋಡಿದರೆ, ಇದ್ದ ಒಬ್ಬಳೇ ಪ್ರೇಕ್ಷಕಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಮಗು ಅತ್ತ ಅಳುವಿಗೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು. ಇಡೀ ದಿನ ಗುರುತಿಲ್ಲದವರ ಪಕ್ಕದಲ್ಲಿ ಜೀವ ಅಂಗೈಯಲ್ಲಿ ಹಿಡಿದು ಕೂತು ಬಂದ ತಾಯಿ, ಆ ಅಳು ನಿಂತರೆ ಸಾಕಪ್ಪಾ ಅಂತ ಬಾಯಿಗೆ ಬಂದ ಮಾತು ಕೊಟ್ಟಳು. ಮಕ್ಕಳು ಮರೆಯುತ್ತವೆ ಅನ್ನುವ ನಂಬಿಕೆಯ ಮೇಲೆ ತಾನೇ ಹೆತ್ತವರೆಲ್ಲ ಮಾತು ಕೊಡುವುದು.

ಪುಟ್ಟಿ ಮರೆಯಲಿಲ್ಲ. ಹತ್ತೊಂಬತ್ತು ತುಂಬಿ, ಔಷಧ ಮಾರುವ ವಿದ್ಯೆ ಕಲಿಯಲು ಬಿಳಿ ಕೋಟು ಹಾಕಿಕೊಂಡು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದ ಮೇಲೆ, ಒಂದು ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, "ಅಮ್ಮ, ಆವತ್ತು ಮಾತು ಕೊಟ್ಟಿದ್ದೆ ನೋಡು. ಈಗ ಬೇಕು" ಅಂದಳು. ಸಾಲ ವಸೂಲಿಗೆ ಬಂದವನೂ ಅಷ್ಟು ಸಲೀಸಾಗಿ ಕೇಳಲಾರ.

ತಾಯಿಯ ಕೆಲಸ ಯಾವುದೆಂದು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಅವಳಿಗೆ ಕೆಲಸ ಬಿಟ್ಟರೆ ಬೇರೆ ಮುಖ ಇರಲಿಲ್ಲ. ಲೈಸೆನ್ಸ್ ಬೇಕೆಂದು ಬಂದವರನ್ನು ಕಾರಿನಲ್ಲಿ ಕೂರಿಸಿ, ಪಕ್ಕದ ಸೀಟಿನಲ್ಲಿ ತಾನು ಕೂತು, ಅವರನ್ನು ಫೇಲು ಮಾಡುವ ಕೆಲಸ. ಪಾಸು ಮಾಡುವುದೂ ಆ ಕೆಲಸದಲ್ಲೇ ಸೇರಿತ್ತು, ಆದರೆ ಅದಕ್ಕೆ ಅವಕಾಶ ಕೊಡುವ ಮನುಷ್ಯರು ಕಮ್ಮಿ. ಪರೀಕ್ಷೆಯ ಕಾರಿನಲ್ಲಿ ಅವಳ ಕಾಲಡಿಗೂ ಒಂದು ಬ್ರೇಕು. ಅದನ್ನು ಒತ್ತಿ ಒತ್ತಿ ಅವಳ ಬಲಗಾಲಿಗೆ ಎಂಥಾ ಚಾಳಿ ಬಿದ್ದಿತ್ತೆಂದರೆ, ಮನೆಯಲ್ಲಿ ಸೋಫಾದ ಮೇಲೆ ಕೂತು ಯಾರದ್ದಾದರೂ ದಡ್ಡ ಮಾತು ಕೇಳುವಾಗಲೂ ಪಾದ ತಾನಾಗಿ ನೆಲ ಒತ್ತುತ್ತಿತ್ತು. ಅಭ್ಯರ್ಥಿಗಳು ಬೆನ್ನ ಹಿಂದೆ ಅವಳನ್ನು 'ಕೆಂಪು ದೀಪ' ಅನ್ನುತ್ತಿದ್ದರು. ಅವಳಿಗೆ ಗೊತ್ತಿತ್ತು. ಬೇಜಾರಿರಲಿಲ್ಲ. ಕೆಂಪು ದೀಪ ಇಲ್ಲದ ಊರಲ್ಲಿ ಎಷ್ಟು ಜನ ಉಳಿಯುತ್ತಾರೆ ನೋಡೋಣ.

ಅವಳದೊಂದು ಪದ್ಧತಿ. ಪರೀಕ್ಷೆ ಮುಗಿದು ಎಂಜಿನ್ ಆಫ್ ಆದ ಮೇಲೆ ತಟ್ಟನೆ ಏನೂ ಹೇಳುತ್ತಿರಲಿಲ್ಲ. ಎದುರಿನ ಗಾಜು ನೋಡುತ್ತ ಸುಮ್ಮನೆ ಕೂರುತ್ತಿದ್ದಳು. ಪಕ್ಕದವರು ಬೆವರುತ್ತಿದ್ದರು, ಉಗುಳು ನುಂಗುತ್ತಿದ್ದರು, ಕೆಲವರು ಮನೆದೇವರನ್ನು ನೆನೆಯುತ್ತಿದ್ದರು. ಆಮೇಲೆ ಒಂದೇ ಪದ. ಬಾಯಿಂದ ಹೊರಬಿತ್ತೆಂದರೆ ಮುಗಿಯಿತು, ಬದಲಾಗದು. ಒಮ್ಮೆ ಒಬ್ಬ ಮಹಾಶಯನಿಗೆ ಪಾಸು ಅಂದುಬಿಟ್ಟಿದ್ದಳು. ಅವನು ಖುಷಿಯಲ್ಲಿ ಬಾಗಿಲು ಬೀಸಿ ತೆಗೆದು, ಸಾಲಾಗಿ ಇಟ್ಟಿದ್ದ ಕಂಬಗಳಲ್ಲಿ ಒಂದನ್ನು ಬೀಳಿಸಿದ. ಲಾರಿ ಬಸ್ಸುಗಳ ಪರೀಕ್ಷೆ ನೋಡುವ ಸಹೋದ್ಯೋಗಿ, ಎಲ್ಲರೂ 'ಲಾರಿಯಣ್ಣ' ಎಂದೇ ಕರೆಯುವ ದಪ್ಪ ಮನುಷ್ಯ, ದೂರದಿಂದಲೇ ಕೂಗಿದ: "ಹಿಡ್ಕೊಳ್ಳಮ್ಮಾ, ವಾಪಸ್ ತಗೋ!" ಅವಳು ತಗೊಳ್ಳಲಿಲ್ಲ. "ಹೇಳಿಯಾಗಿದೆ ಲಾರಿಯಣ್ಣ" ಅಂದಳು. ಹೇಳಿದ ಮಾತನ್ನು ಹಿಂದಕ್ಕೆ ತಗೊಳ್ಳುವವರಲ್ಲಿ ಅವಳು ಒಬ್ಬನನ್ನು ಕಂಡಿದ್ದಳು, ಸಾಕಾಗಿತ್ತು.

ಆ ಒಬ್ಬ ಪುಟ್ಟಿಯ ಅಪ್ಪ. ಊರನ್ನೆಲ್ಲ ನಗಿಸುವ ಆಸಾಮಿ. ಮದುವೆಮನೆಯಲ್ಲಿ, ಸಾವಿನ ಮನೆಯಲ್ಲಿ, ಬಸ್ಸಿನ ಕ್ಯೂನಲ್ಲಿ, ಎಲ್ಲಿ ಬಿಟ್ಟರೂ ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಪುಟ್ಟಿಗೆ ಮೂರು ವರ್ಷವಿದ್ದಾಗ, ಸಂಜೆ ಬರುತ್ತೇನೆ ಅಂತ ಬಾಗಿಲಲ್ಲಿ ನಿಂತು ಏನೋ ಒಂದು ತಮಾಷೆ ಮಾಡಿ, ಹೆಂಡತಿಯನ್ನು ನಗಿಸಿ ಹೋದವನು ಯಾವ ಸಂಜೆಯೂ ಬರಲಿಲ್ಲ. ಆಮೇಲೆ ಅವಳು ನಗುವವರನ್ನು ಸಹಿಸುತ್ತಿದ್ದಳು. ನಗಿಸುವವರನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮಗಳಾದರೂ ಔಷಧದಂಗಡಿಯ ಗಾಜಿನ ಕೌಂಟರಿನ ಹಿಂದೆ, ಬಿಳಿ ಕೋಟಿನಲ್ಲಿ, ಗಂಭೀರವಾಗಿ ನಿಲ್ಲಬೇಕು. ಅದೊಂದೇ ಅವಳ ಆಸೆ. ಅದಕ್ಕಾಗಿ ರಜದ ದಿನವೂ ಪರೀಕ್ಷೆಯ ಕಾರು ಹತ್ತಿದ್ದಳು. ಭಾನುವಾರ ಬೆಳಿಗ್ಗೆ ಆ ಕೋಟನ್ನು ತಾನೇ ಇಸ್ತ್ರಿ ಮಾಡುತ್ತಿದ್ದಳು. ಮೊದಲೆಲ್ಲ ತೋಳಿನ ತುದಿಯಲ್ಲಿ ನೀಲಿ, ಹಳದಿ ಕಲೆ ಇರುತ್ತಿದ್ದವು. ಈಚೆಗೆ ಕೋಟು ಹೋದ ಹಾಗೇ ಬರುತ್ತಿತ್ತು. ಮಗಳು ಕೆಲಸದಲ್ಲಿ ನೀಟಾಗುತ್ತಿದ್ದಾಳೆ ಅಂತ ತಾಯಿ ಒಳಗೊಳಗೇ ಬೀಗಿದ್ದಳು.

ಕಾಲೇಜಿನ ಸಂಜೆಗಳಲ್ಲಿ ಪುಟ್ಟಿ ಯಾವುದೋ ನಾಟಕದ ಗುಂಪಿಗೆ ಹೋಗುವುದು ಗೊತ್ತಿತ್ತು. ಯಾವ ನಾಟಕ ಅಂದರೆ ನಾಟಕವೇ ಇಲ್ಲದ ನಾಟಕ. ಬರೆದದ್ದಿಲ್ಲ, ಬಾಯಿಪಾಠ ಮಾಡಿದ್ದಿಲ್ಲ. ಇಬ್ಬರು ಖಾಲಿ ಕೈಯಲ್ಲಿ ನಿಂತು ಆ ಕ್ಷಣಕ್ಕೆ ತೋಚಿದ್ದನ್ನು ಆಡಬೇಕು, ಜನ ನಗಬೇಕು. ಆಶುನಾಟಕ ಅಂತ ಹೆಸರು. ವರ್ಷದ ಕೊನೆಯಲ್ಲಿ ಆ ಗುಂಪಿನವರು ಒಬ್ಬೊಬ್ಬರೂ ಮನೆಯವರೊಬ್ಬರನ್ನು ಕರೆತಂದು ವೇದಿಕೆ ಹತ್ತಿಸುತ್ತಾರಂತೆ. ಹತ್ತುವ ಮೊದಲು ಮನೆಯವರು ಕೆಲವು ಭಾನುವಾರ ಹೊಸಬರ ತರಗತಿಗೆ ಬರಬೇಕಂತೆ.

"ತಯಾರಿ ಇಲ್ಲದೆ ಆಡೋ ಆಟಕ್ಕೆ ತಯಾರಿ ಯಾಕೆ?" ಅಂತ ಕೇಳಿದಳು ತಾಯಿ.

"ನೋಡು, ಶುರು ಮಾಡಿದೆ" ಅಂದಳು ಮಗಳು.

ತರಗತಿ ನಡೆಯುತ್ತಿದ್ದದ್ದು ಗಾಜಿನ ಅಂಗಡಿಯ ಮೇಲಿನ ಹಾಲಿನಲ್ಲಿ. ಒಂದು ಗೋಡೆಯ ತುಂಬ ಕನ್ನಡಿ, ನೆಲಕ್ಕೆ ರಬ್ಬರ್ ಚಾಪೆ, ಮೂಲೆಯಲ್ಲಿ ಯಾರೋ ಮರೆತುಹೋದ ಹಾರ್ಮೋನಿಯಂ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಅವಳ ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತು, ಅದು ಕನ್ನಡಿಯಲ್ಲೂ ಕಾಣುತ್ತಿತ್ತು. ಹಾಲಿಗೆ ಕಾಲಿಟ್ಟ ಗಳಿಗೆಯಿಂದಲೇ ಅವಳಿಗೆ ಮೈಯೆಲ್ಲ ಉರಿ.

ಕಲಿಸುವವನು ನಡುವಯಸ್ಸಿನ ಬರಿಗಾಲಿನವನು, ಕೂದಲನ್ನು ಹಿಂದಕ್ಕೆ ಕಟ್ಟಿಕೊಂಡಿದ್ದ. ಯಾರು ಏನು ಹೇಳಿದರೂ ಕಣ್ಣರಳಿಸಿ ತಲೆಯಾಡಿಸುವುದು ಅವನ ವಿದ್ಯೆ. ಬಾಗಿಲು ಎಲ್ಲಿ ಅಂದರೂ "ಆಹಾ, ಹೌದು!", ಬಾಯಾರಿಕೆ ಅಂದರೂ "ಆಹಾ, ಹೌದು!" ಅವಳು ಮನಸ್ಸಿನಲ್ಲೇ ಅವನಿಗೆ ಕೋಲೆಬಸವ ಅಂತ ಹೆಸರಿಟ್ಟಳು. ಕಲಿಯಲು ಬಂದವರೂ ಅದಕ್ಕೆ ತಕ್ಕವರೇ. ದಿನವಿಡೀ ಮಂದಿಯ ಬಾಯಿಗೆ ಕೈಹಾಕಿ, ಭಾನುವಾರ ತನ್ನ ಬಾಯಿ ತೆರೆಯಲು ಬಂದ ಹಲ್ಲಿನ ಡಾಕ್ಟರು. ಮನೆ ಮಾರಿಸಿಕೊಡುವ ಒಬ್ಬ ದಲ್ಲಾಳಿ, ಸುಳ್ಳು ಹೇಳಲು ಇನ್ನೂ ತರಬೇತಿ ಬೇಕು ಅಂತ ಬಂದಂತಿದ್ದ. ಒಬ್ಬರನ್ನೊಬ್ಬರು ಬಿಟ್ಟಿರಲಾರದ ಹೊಸ ಗಂಡಹೆಂಡತಿ. ಗಂಡ ಬಾಯಿ ತೆರೆಯುವ ಮೊದಲೇ ಹೆಂಡತಿ ನಗುತ್ತಿದ್ದಳು. ನಗಮ್ಮಾ ನಗು, ಈಗಲೇ ನಕ್ಕುಬಿಡು ಅಂದುಕೊಂಡಳು ಇವಳು.

ಮೊದಲ ಆಟ ಚೆಂಡಿನದು. ಇಲ್ಲದ ಚೆಂಡು. ಎಲ್ಲರೂ ಸುತ್ತ ನಿಂತು ಅದನ್ನು ಎಸೆಯಬೇಕು, ಹಿಡಿಯಬೇಕು. ದಲ್ಲಾಳಿ ಅವಳ ಕಡೆ ಬೀಸಿ ಎಸೆದ. ಅವಳು ಕೈಕಟ್ಟಿಕೊಂಡೇ ನಿಂತಿದ್ದಳು.

"ಹಿಡೀಲಿಲ್ಲವಲ್ಲಾ ಮೇಡಂ!" ಅಂದ ಕೋಲೆಬಸವ.

"ಅದು ಪಕ್ಕಕ್ಕೆ ಹೋಯ್ತು" ಅಂದಳು. "ಅವರು ಸರಿಯಾಗಿ ಎಸೀಬೇಕಿತ್ತು."

ಎಲ್ಲರೂ ಗೊಳ್ಳೆಂದು ನಕ್ಕರು. ನಗಲು ಏನಿತ್ತು ಅಂತ ಅವಳಿಗೆ ತಿಳಿಯಲಿಲ್ಲ. ದಲ್ಲಾಳಿಯ ಮೊಣಕೈ ಹೊರಕ್ಕೆ ತಿರುಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಆಮೇಲೆ ಕೋಲೆಬಸವ ಆಟದ ದೊಡ್ಡ ನಿಯಮ ಹೇಳಿದ. ಜೊತೆಗಾರರು ಏನು ಹೇಳಿದರೂ 'ಇಲ್ಲ' ಅನ್ನಕೂಡದು. 'ಹೌದು' ಅನ್ನಬೇಕು, 'ಅಷ್ಟೇ ಅಲ್ಲ' ಅಂತ ಸೇರಿಸಿ ಇನ್ನೊಂದು ಮಾತು ಮುಂದಕ್ಕೆ ಕೊಡಬೇಕು. ಆಕಾಶ ಹಸಿರು ಅಂದರೆ, ಹೌದು, ಅಷ್ಟೇ ಅಲ್ಲ, ಹಸುಗಳು ಮೇಯಲು ಹೊರಟಿವೆ. ಹೀಗೆ. ಯಾರಾದರೂ ಇಲ್ಲ ಅಂದರೆ ಅವನು ಹಳೇ ಪಾತ್ರೆಯ ತಗಡಿನ ಮುಚ್ಚಳವನ್ನು ಸೌಟಿನಿಂದ ಢಣ್ಣೆಂದು ಬಡಿಯುತ್ತಿದ್ದ. ಉಳಿದವರೆಲ್ಲ "ಸತ್ತಿತು!" ಅಂತ ಕೂಗಬೇಕು. ಆಟ ಸತ್ತಿತು ಅಂತ ಅರ್ಥ. ಕೊಂದವರು ಅಲ್ಲೇ ಚಾಪೆಯ ಮೇಲೆ ಹೆಣದ ಹಾಗೆ ಅಂಗಾತ ಮಲಗಬೇಕು.

ಅವಳನ್ನು ಹಲ್ಲಿನ ಡಾಕ್ಟರ ಜೊತೆ ಬಿಟ್ಟರು. ಡಾಕ್ಟರು ಎರಡು ಕುರ್ಚಿ ಜೋಡಿಸಿ, ಒಂದರಲ್ಲಿ ಕೂತು, ಗಾಳಿಯಲ್ಲಿ ಸ್ಟೇರಿಂಗ್ ಹಿಡಿದು, "ಬಾ ಮಾರಾಯ್ತಿ, ಸಮುದ್ರ ನೋಡೋಕೆ ಹೋಗೋಣ!" ಅಂದರು. ಅವಳು ಪಕ್ಕದಲ್ಲಿ ಕೂತಳು. ಡಾಕ್ಟರು ಬುರ್ ಅಂತ ಬಾಯಲ್ಲಿ ಸದ್ದು ಮಾಡುತ್ತ ಹೊರಟರು.

"ನಿಲ್ಲಿಸಿ" ಅಂದಳು. ಕಾಲು ಚಾಪೆ ಒತ್ತಿತ್ತು. "ಬೆಲ್ಟ್ ಹಾಕಿಲ್ಲ. ಕನ್ನಡಿ ನೋಡಿಲ್ಲ. ಹ್ಯಾಂಡ್ ಬ್ರೇಕ್ ಇಳಿಸದೇ ಹೊರಟಿದ್ದೀರಿ. ಫೇಲ್."

ನಗು ಹೇಗೆ ಎದ್ದಿತೆಂದರೆ ಕನ್ನಡಿ ಅಲುಗಿತು. ಹೊಸ ಹೆಂಡತಿ ಗಂಡನ ತೋಳಿಗೆ ಮುಖ ಒತ್ತಿಕೊಂಡು ಕಿರುಚಿದಳು. ಮುಚ್ಚಳ ಢಣ್ ಅಂದಿತು. "ಸತ್ತಿತು!"

"ನೀವು ಇಲ್ಲ ಅಂದ್ರಿ ಮೇಡಂ" ಅಂದ ಕೋಲೆಬಸವ, ಕಣ್ಣು ಒರೆಸಿಕೊಳ್ಳುತ್ತ.

"ಇಲ್ಲದ್ದನ್ನ ಇಲ್ಲ ಅನ್ನದೆ ಇನ್ನೇನನ್ನಲಿ?"

"ಮಲಗಿ ಮೇಡಂ."

"ಮಲಗಲ್ಲ."

ಮಲಗಲಿಲ್ಲ. ಆ ಭಾನುವಾರ ಮುಚ್ಚಳ ಬಡಿದೂ ಬಡಿದೂ ಸೌಟಿನ ಹಿಡಿ ಸಡಿಲವಾಯಿತು, ಅವಳು ಮಾತ್ರ ಕಂಬದ ಹಾಗೆ ನಿಂತೇ ಇದ್ದಳು. ಮನೆಗೆ ನಡೆಯುವಾಗ ಪುಟ್ಟಿ ಹಲ್ಲು ಕಚ್ಚಿ ಹೇಳಿದಳು: "ಒಂದು ಸಲ, ಒಂದೇ ಒಂದು ಸಲ, ನನ್ನ ಮಾತು ಕೊನೇ ತನಕ ಕೇಳಿದ್ದೀಯಾ ನೀನು? ಮನೇಲೂ ಇದೇ. ನಾನು ಬಾಯಿ ತೆಗೆಯೋ ಮೊದಲೇ ನಿನ್ನ ಕಾಲು ಬ್ರೇಕ್ ಮೇಲಿರುತ್ತೆ."

"ಬ್ರೇಕ್ ಇರೋದಕ್ಕೇ ನೀನಿನ್ನೂ ನೆಟ್ಟಗಿದ್ದೀಯ."

"ಹಾಗಾದ್ರೆ ಬಿಡು. ಮಾತು ಕೊಟ್ಟಿದ್ದು ನೀನು, ಮುರಿಯೋಳೂ ನೀನೇ. ಅಪ್ಪನೂ ಹೀಗೇ ತಾನೇ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವನ ಸಾಲಿನಲ್ಲಿ ತನ್ನನ್ನು ನಿಲ್ಲಿಸುವುದೇ! ಮುಂದಿನ ಭಾನುವಾರ ಅವಳು ಕಾಲುಚೀಲದ ತೂತು ಹೊಲಿದುಕೊಂಡು ಎಲ್ಲರಿಗಿಂತ ಮೊದಲು ಹೋಗಿ ಕೂತಿದ್ದಳು.

ಕಲಿಯುವುದೇ ಆದರೆ ಕಲಿಯಬೇಕು. ಇಷ್ಟಪಟ್ಟು ಕಲಿಯಬೇಕು ಅಂತ ಯಾವ ಕಾನೂನೂ ಇಲ್ಲ. ರಸ್ತೆ ನಿಯಮ ಕಲಿತ ಹಾಗೇ ಇದನ್ನೂ ಕಲಿತಳು. ಎದುರಿನವರ ಮಾತು ಬಂತು, ಹೌದು. ಮಾತು ಮುಂದಕ್ಕೆ ಹೋಗಬೇಕು, ಅಷ್ಟೇ ಅಲ್ಲ. ಹಿಂದಿನಿಂದ ಬರುವವರಿಗೆ ದಾರಿ ಕೊಟ್ಟ ಹಾಗೆ. ಅದರಲ್ಲಿ ಅಂಥಾ ಬ್ರಹ್ಮವಿದ್ಯೆ ಏನೂ ಇರಲಿಲ್ಲ. ಹಲ್ಲಿನ ಡಾಕ್ಟರಿಗೆ ಅಷ್ಟೂ ಬರುತ್ತಿರಲಿಲ್ಲ. ಹೌದು ಅಂದವರು ಅಷ್ಟೇ ಅಲ್ಲ ಅನ್ನುವಷ್ಟರಲ್ಲಿ ತಾವೇ ನಕ್ಕು ಕುರ್ಚಿಯಿಂದ ಜಾರುತ್ತಿದ್ದರು. ದಲ್ಲಾಳಿ ಯಾವ ಆಟ ಕೊಟ್ಟರೂ ಕೊನೆಗೆ ಅದರಲ್ಲಿ ಒಂದು ಮನೆ ಮಾರುತ್ತಿದ್ದ. ಇವರ ನಡುವೆ ಕಲ್ಲುಮುಖ ಹೊತ್ತು ನಿಂತ ಅವಳು ಒಂದು ಮಾತು ಆಡಿದರೆ ಸಾಕು, ಹಾಲ್ ಬಿದ್ದು ಬಿದ್ದು ನಗುತ್ತಿತ್ತು. ಆ ನಗುವನ್ನು ಅವಳು ತನ್ನ ಗುಣವೆಂದು ತಿಳಿಯಲಿಲ್ಲ. ಇಷ್ಟು ಸುಲಭವಾಗಿ ನಗುವವರು ರಸ್ತೆಯಲ್ಲಿ ಗಾಡಿ ಬೇರೆ ಓಡಿಸುತ್ತಾರಲ್ಲಾ ಅಂತ ಹೆದರಿದಳು, ಅಷ್ಟೆ.

ಉಪಯೋಗ ಕಂಡದ್ದು ಕೆಲಸದ ಜಾಗದಲ್ಲಿ. ಫೇಲಾದವರು ಜಗಳಕ್ಕೆ ನಿಲ್ಲುವುದು ಮಾಮೂಲು. ಟೈ ಕಟ್ಟಿಕೊಂಡ ಒಬ್ಬ ಯುವಕ ಕಾರಿನಿಂದಿಳಿದು ಅಬ್ಬರಿಸಿದ: "ಏನ್ ಮೇಡಂ ನೀವು, ನಾನು ಚೆನ್ನಾಗೇ ಓಡಿಸಿದೆ!"

"ಹೌದು" ಅಂದಳು ಅವಳು. "ಅಷ್ಟೇ ಅಲ್ಲ, ಫುಟ್‌ಪಾತ್ ಮೇಲೂ ಓಡಿಸಿದ್ರಿ."

ಯುವಕ ತಿರುಗಿ ಫುಟ್‌ಪಾತ್ ನೋಡಿದ. ಆಚೆ ಲಾರಿಯ ಬಾನೆಟ್‌ಗೆ ಒರಗಿ ನಿಂತಿದ್ದ ಲಾರಿಯಣ್ಣ ಹೊಟ್ಟೆ ಕುಣಿಸಿಕೊಂಡು ಬಂದ. "ಏನಿದು, ನಿಂಗೆ ತಮಾಷೆ ಬರುತ್ತೆ ಅಂತ ಸರ್ಕಾರಕ್ಕೆ ಗೊತ್ತಾ?"

"ತಮಾಷೆ ಅಲ್ಲ ಲಾರಿಯಣ್ಣ. ಇಲ್ಲ ಅನ್ನದೆ ಫೇಲ್ ಮಾಡೋ ಉಪಾಯ."

"ಅಯ್ಯೋ, ಅದನ್ನೇ ಕಣಮ್ಮಾ ತಮಾಷೆ ಅನ್ನೋದು" ಅಂದ ಅವನು. ಅವಳು ಒಪ್ಪಲಿಲ್ಲ.

ಪ್ರದರ್ಶನದ ಸಂಜೆ ಹಾಲ್ ತುಂಬಿತ್ತು. ಮಡಚುವ ಕುರ್ಚಿಗಳ ಸಾಲು, ಮುಂದೆ ಹಲಗೆ ಜೋಡಿಸಿ ಮಾಡಿದ ಗೇಣೆತ್ತರದ ವೇದಿಕೆ, ಮೇಲೆ ಎರಡು ದೀಪ. ಲಾರಿಯಣ್ಣ ಹೆಂಡತಿಯನ್ನೂ ಕರೆದುಕೊಂಡು ಬಂದು ಎರಡನೇ ಸಾಲಿನಲ್ಲಿ ಒಂದೂವರೆ ಕುರ್ಚಿ ಹಿಡಿದಿದ್ದ. ಹಲ್ಲಿನ ಡಾಕ್ಟರು ತಮ್ಮನ ಜೊತೆ ಹತ್ತಿ, ತಾವೇ ನಕ್ಕು, ತಾವೇ ಇಳಿದರು. ದಲ್ಲಾಳಿ ತನ್ನ ಅತ್ತೆಗೇ ಮನೆ ಮಾರಿದ. ಜನ ಚಪ್ಪಾಳೆ ತಟ್ಟಿದರು. ಜನಕ್ಕೇನು, ಕೈ ಇದೆ, ತಟ್ಟುತ್ತಾರೆ.

ತಾಯಿಮಗಳ ಸರದಿ ಬಂತು. ಕೋಲೆಬಸವ ಮುಚ್ಚಳ ಸೌಟು ಹಿಡಿದು ವೇದಿಕೆಯ ಅಂಚಿನಲ್ಲಿ ನಿಂತು, "ಒಂದು ಜಾಗ ಹೇಳಿ!" ಅಂತ ಕೇಳಿದ. "ಅಡುಗೆಮನೆ!" ಅಂತ ಹಿಂದಿನಿಂದ ಯಾರೋ ಕೂಗಿದರು.

ಪುಟ್ಟಿ ಇಲ್ಲದ ಒಲೆಯ ಮುಂದೆ ನಿಂತು ಇಲ್ಲದ ಪಾತ್ರೆ ಕಲಕಿದಳು. ತಾಯಿ ಕೆಲಸದಿಂದ ಬಂದವಳಂತೆ ಒಳಗೆ ಬಂದು, ಇಲ್ಲದ ಮೊಳೆಗೆ ಇಲ್ಲದ ಕೀಲಿಕೈ ತಗುಲಿಸಿದಳು. ಮೊಳೆ ಮನೆಯಲ್ಲಿದ್ದಷ್ಟೇ ಎತ್ತರದಲ್ಲಿತ್ತು. ಅವಳು ಅಳತೆ ತಪ್ಪುವವಳಲ್ಲ.

"ಅಮ್ಮ" ಅಂದಳು ಪುಟ್ಟಿ. "ನಿನಗೊಂದು ವಿಷಯ ಹೇಳ್ಬೇಕು."

"ಹೇಳು."

ಪುಟ್ಟಿಯ ಎಡಗೈ ಮೇಲೆದ್ದು ಕಿವಿಯ ತುದಿ ಹಿಡಿಯಿತು. ತಾಯಿ ಆ ಕೈ ನೋಡಿದಳು. ಚಿಕ್ಕಂದಿನಿಂದ ಆ ಹುಡುಗಿ ಸುಳ್ಳು ಹೇಳುವಾಗ ನೆಟ್ಟಗೆ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಿದ್ದಳು. ನಿಜ ಹೇಳಲೇಬೇಕಾಗಿ ಬಂದಾಗ ಮಾತ್ರ ಕಿವಿ ಹಿಡಿಯುತ್ತಿದ್ದಳು. ಮೇಜಿನ ದೀಪ ಒಡೆದಾಗ, ಗಣಿತದಲ್ಲಿ ಸೊನ್ನೆ ಬಂದಾಗ, ಅಪ್ಪ ಯಾವತ್ತೂ ಬರಲ್ಲ ಅಂತ ನಂಗೆ ಗೊತ್ತು ಅಂದಾಗ.

"ನಾನು ಕಾಲೇಜು ಬಿಟ್ಟೆ."

ಜನ ತಮಾಷೆಗೆ ಕಾದಿದ್ದರು. ಅವಳ ಬಲಗಾಲು ಹಲಗೆಯನ್ನು ಒತ್ತಿತು. ಹಲಗೆ ಕಿರ್ ಅಂದಿತು. ಅಲ್ಲಿ ಬ್ರೇಕು ಇರಲಿಲ್ಲ.

ಅಂಚಿನಲ್ಲಿ ನಿಂತ ಕೋಲೆಬಸವನನ್ನು ನೋಡಿದಳು. ಅವನು ಪುಟ್ಟಿಯ ಕಡೆ ನೋಡುತ್ತಿರಲಿಲ್ಲ. ಇವಳ ಕಡೆಯೇ ನೋಡುತ್ತಿದ್ದ, ಸೌಟು ಎತ್ತಿ. ಇವನಿಗೆ ಗೊತ್ತು! ಇವನಿಗೆ ಗೊತ್ತು, ಕಾಲೇಜಿಗೆ ಗೊತ್ತು, ಬಹುಶಃ ಹಲ್ಲಿನ ಡಾಕ್ಟರಿಗೂ ಗೊತ್ತು. ಹೆತ್ತವಳೊಬ್ಬಳಿಗೆ ಗೊತ್ತಿಲ್ಲ. ಎಂಥಾ ಹೇಡಿಗಳು ಅನ್ನಿಸಿತು. ಮನೆಯ ಮೇಜಿನ ಮುಂದೆ ಹೇಳಲು ಧೈರ್ಯವಿಲ್ಲದ ಮಾತನ್ನು ಇಲ್ಲಿ ತಂದು, ದೀಪದ ಕೆಳಗೆ, ಇಲ್ಲ ಅನ್ನಬಾರದೆಂಬ ನಿಯಮದ ಹಿಂದೆ ಬಚ್ಚಿಟ್ಟು ಹೇಳುವುದು! ನಗಿಸುವವರ ಇಡೀ ವಂಶವೇ ಇಷ್ಟು. ಬಾಗಿಲಲ್ಲಿ ನಿಂತು ತಮಾಷೆ ಮಾಡಿ ಹೋಗಿಬಿಡುವ ಜಾತಿ.

ಇಲ್ಲ ಅನ್ನುವ ಪದ ನಾಲಿಗೆಯ ತುದಿಗೆ ಬಂದು ಕೂತಿತ್ತು. ಒಂದು ಪದ. ಅಂದರೆ ಮುಚ್ಚಳ ಬಡಿಯುತ್ತದೆ, ಆಟ ಸಾಯುತ್ತದೆ, ಮನೆಗೆ ಹೋಗಿ ಕೂರಿಸಿಕೊಂಡು ವಿಚಾರಿಸಬಹುದು, ಕಿವಿ ಹಿಂಡಿ ಕಾಲೇಜಿಗೆ ಎಳೆದೊಯ್ಯಬಹುದು. ಹೌದು ಅಂದರೆ? ಇವರಿಗೆಲ್ಲ ಮಾತು ಬಾಯಲ್ಲಿ ಊದಿದ ಗುಳ್ಳೆ; ಒಡೆದರೆ ಆಯಿತು. ಅವಳಿಗೆ ಹಾಗಲ್ಲ. ಅವಳ ಬಾಯಿಂದ ಬಿದ್ದದ್ದು ಫಲಿತಾಂಶ.

ಅವಳು ಎದುರಿನ ಕತ್ತಲನ್ನು ನೋಡುತ್ತ ಸುಮ್ಮನೆ ನಿಂತಳು, ಎಂಜಿನ್ ಆಫ್ ಆದ ಕಾರಿನಲ್ಲಿ ಕೂತ ಹಾಗೆ. ಮೊದಲು ಒಬ್ಬರು ಕಿಸಕ್ಕೆಂದರು. ಆಮೇಲೆ ಒಂದು ಸಾಲು. ಮೌನ ಬೆಳೆದಂತೆ ನಗುವೂ ಬೆಳೆಯಿತು. ಪುಟ್ಟಿ ಮಾತ್ರ ಕಿವಿ ಬಿಟ್ಟಿರಲಿಲ್ಲ. ಅವಳ ಮೂಗಿನ ತುದಿ ಕೆಂಪಾಗಿತ್ತು, ಆರು ವರ್ಷದವಳದ್ದು ಆಗಿದ್ದ ಹಾಗೆ.

"ಹೌದು" ಅಂದಳು ತಾಯಿ.

ಪುಟ್ಟಿಯ ಕೈ ಕಿವಿಯಿಂದ ಜಾರಿತು.

"ಅಷ್ಟೇ ಅಲ್ಲ, ಕೊಳೆಯೇ ಆಗದ ಕೋಟನ್ನ ವಾರವಾರ ಒಗೆದು ಇಸ್ತ್ರಿ ಮಾಡ್ತಾ ಇದ್ದೀನಿ. ಮಗಳು ಬಹಳ ನೀಟು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೀನಿ."

ನಗು ಸಿಡಿಯಿತು. ಲಾರಿಯಣ್ಣನ ನಗು ಎಲ್ಲರದಕ್ಕಿಂತ ಮೇಲೆ ಕೇಳಿತು, ಮತ್ತೆ ಥಟ್ಟನೆ ನಿಂತಿತು. ಆ ಕೋಟಿನ ಕಥೆಯನ್ನು ಅವನು ಊಟದ ಡಬ್ಬಿಯ ಮುಂದೆ ಎಷ್ಟು ಸಲ ಕೇಳಿದ್ದನೋ.

"ಹೌದು" ಅಂದಳು ಪುಟ್ಟಿ. "ಅಷ್ಟೇ ಅಲ್ಲ... ನಂಗೆ ಇಲ್ಲೇ ಕೆಲಸ ಸಿಕ್ಕಿದೆ. ಶಾಲೆ ಮಕ್ಕಳಿಗೆ ನಾಟಕ ಹೇಳ್ಕೊಡೋದು. ಮೇಷ್ಟ್ರು ಸಂಬಳ ಕೊಡ್ತಾರೆ."

"ಹೌದು. ಅಷ್ಟೇ ಅಲ್ಲ, ಆ ಮೇಷ್ಟ್ರಿಗೆ ತನ್ನ ಕಾಲಿಗೆ ಚಪ್ಪಲಿ ತಗೊಳ್ಳೋಕೂ ಗತಿಯಿಲ್ಲ. ಪಾಪ, ಇದ್ದದ್ದನ್ನೆಲ್ಲ ನಿನ್ನ ಸಂಬಳಕ್ಕೆ ಅಂತ ಎತ್ತಿಟ್ಟಿರ್ತಾರೆ."

ಜನ ಕುರ್ಚಿ ಬಡಿದರು. ಕೋಲೆಬಸವ ತನ್ನ ಪಾದ ನೋಡಿಕೊಂಡು ಒಂದನ್ನು ಇನ್ನೊಂದರ ಹಿಂದಕ್ಕೆ ಸರಿಸಿದ.

ಪುಟ್ಟಿ ಮಾತ್ರ ನಗಲಿಲ್ಲ. "ನಾನು ಅಪ್ಪನ ಹಾಗೆ ಆಗ್ತೀನಿ ಅಂತ ನಿಂಗೆ ಭಯ" ಅಂದಳು. ಆಟದ ದನಿಯಾಗಿರಲಿಲ್ಲ ಅದು.

"ಹೌದು" ಅಂದಳು ತಾಯಿ. ಅಷ್ಟೇ ಅಲ್ಲ ಅನ್ನಬೇಕಿತ್ತು. ಮುಂದೆ ಏನೂ ಇರಲಿಲ್ಲ. ಇಷ್ಟು ವರ್ಷ ಅಷ್ಟೇ ಇತ್ತು, ಅದರ ಮುಂದೆ ಏನೂ ಇರಲಿಲ್ಲ. ಹಾಲ್‌ನಲ್ಲಿ ಯಾರೋ ಕೆಮ್ಮಿದರು. ನಿಯಮ ಅವಳ ಬೆನ್ನು ನೂಕಿತು. "ಅಷ್ಟೇ ಅಲ್ಲ, ಅವನು ಹೇಳದೆ ಹೋದ. ನೀನು ಹೇಳ್ತಾ ಇದ್ದೀಯ. ಇಷ್ಟು ಜನರನ್ನ ಕಾವಲಿಗೆ ನಿಲ್ಲಿಸ್ಕೊಂಡು."

ಈ ಸಲ ಕೆಲವರು ನಕ್ಕರು, ಕೆಲವರು ನಗಬೇಕೋ ಬೇಡವೋ ಅಂತ ಪಕ್ಕದವರ ಮುಖ ನೋಡಿದರು. ಪುಟ್ಟಿಗೆ ಮಾತು ಹೊರಡಲಿಲ್ಲ. ಹೊಸಬರ ತರಗತಿಯಲ್ಲಿ ಕಲಿಸಿದ್ದರು: ಜೊತೆಗಾರರು ತಡವರಿಸಿದರೆ ನೀವು ಎತ್ತಿಕೊಳ್ಳಿ, ಏನಾದರೂ ಕೊಡಿ, ಕೈಬಿಡಬೇಡಿ. ಕೋಲೆಬಸವ ಆಡಿದ ಮಾತುಗಳಲ್ಲಿ ಅದೊಂದು ಮಾತ್ರ ಅವಳಿಗೆ ತಕ್ಕಮಟ್ಟಿಗೆ ಸರಿ ಅನ್ನಿಸಿತ್ತು. ಎತ್ತಿಕೊಂಡಳು.

"ಇನ್ನೊಂದು ವಿಷಯ ಮಗಳೇ. ನಾನೂ ಕೆಲಸ ಬಿಟ್ಟೆ. ಇವತ್ತೇ ಬಿಟ್ಟೆ. ಇನ್ಮೇಲೆ ಇಬ್ಬರೂ ಸೇರಿ ಊರೂರು ಸುತ್ತಿ ಜನರನ್ನ ನಗಿಸೋಣ."

ಅದನ್ನು ಅವಳು ಫೇಲ್ ಅನ್ನುವ ಮುಖದಲ್ಲೇ ಹೇಳಿದಳು. ಪುಟ್ಟಿ ಆ ಮುಖ ನೋಡಿದಳು. ಹುಟ್ಟಿದಾಗಿನಿಂದ ಆ ಮುಖ ತಮಾಷೆ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಅಮ್ಮ ಹೇಳಿದ್ದೆಂದರೆ ಆಗಿದ್ದು ಅಂತಲೇ ಅರ್ಥ.

"ಇಲ್ಲ!" ಅಂತ ಚೀರಿದಳು. "ಇಲ್ಲ ಅಮ್ಮ, ನೀನು ಬಿಡ್ಬೇಡ!"

ಒಂದು ಕ್ಷಣ ಕೋಲೆಬಸವನಿಗೂ ತೋಚಲಿಲ್ಲ. ಆಮೇಲೆ ಸೌಟು ಇಳಿಯಿತು. ಢಣ್!

"ಸತ್ತಿತು!" ಇಡೀ ಹಾಲ್ ಕೂಗಿತು.

ಆಟ ಗೊತ್ತಿದ್ದವಳು, ಗುಂಪಿನ ಹಳೇ ಹುಲಿ, ಪುಟ್ಟಿ ಹಲಗೆಯ ಮೇಲೆ ಅಂಗಾತ ಮಲಗಿದಳು. ಮಲಗಿಕೊಂಡೇ ನಗುತ್ತಿದ್ದಳೋ ಅಳುತ್ತಿದ್ದಳೋ, ಹೊಟ್ಟೆ ಮಾತ್ರ ಏರಿ ಇಳಿಯುತ್ತಿತ್ತು. ತಾಯಿ ಅವಳ ತಲೆಯ ಬಳಿ ನಿಂತೇ ಇದ್ದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಏನು ಕಂಡೆವೆಂದು ಅವರಿಗೆ ಗೊತ್ತಿರಲಿಲ್ಲ, ಆದರೂ ತಟ್ಟಿದರು. ದೀಪ ಆರಿತು.

ಹೊರಗೆ ಚಪ್ಪಲಿಗಳ ರಾಶಿಯ ಬಳಿ ಹಲ್ಲಿನ ಡಾಕ್ಟರು ಅವಳ ಕೈ ಹಿಡಿದು ಕುಲುಕಿದರು. "ಅದ್ಭುತ ಮೇಡಂ! ಆ ಕೋಟಿನ ವಿಷಯ ಹೇಗೆ ಹೊಳೀತು ನಿಮಗೆ?" ಅವಳು ಕೈ ಬಿಡಿಸಿಕೊಂಡು ಚಪ್ಪಲಿ ಹುಡುಕಿದಳು. ಉತ್ತರಕ್ಕೆ ಅರ್ಹರಾದವರು ಕೇಳಿದ ಪ್ರಶ್ನೆಯಾಗಿರಲಿಲ್ಲ ಅದು. ಕೋಲೆಬಸವ ಎರಡೂ ಕೈ ಜೋಡಿಸಿ, "ಮುಂದಿನ ತರಗತಿಗೂ ನೀವು ಬರಲೇಬೇಕು" ಅಂದ.

"ಒಂದು ಸಲ ಅಂತ ಮಾತು" ಅಂದಳು. "ನೀವು ಮೊದಲು ಚಪ್ಪಲಿ ತಗೊಳ್ಳಿ. ನೆಲದಲ್ಲಿ ಗಾಜಿರುತ್ತೆ, ಕೆಳಗೆ ಗಾಜಿನಂಗಡಿ."

ಲಾರಿಯಣ್ಣ ಅವಳ ಹತ್ತಿರ ಬಂದವನು ಬಾಯಿ ತೆರೆದ, ಮುಚ್ಚಿದ, ಹೆಂಡತಿಯನ್ನು ಕರೆದುಕೊಂಡು ಮೆಟ್ಟಿಲಿಳಿದ. ಅವನ ಬುದ್ಧಿವಂತಿಕೆಗೆ ಅವಳು ಆವತ್ತು ಮೊದಲ ಸಲ ಅಂಕ ಕೊಟ್ಟಳು.

ತಾಯಿಮಗಳು ಬೀದಿಯಲ್ಲಿ ನಡೆದರು. ಅಂಗಡಿಯವರು ಶಟರ್ ಎಳೆಯುತ್ತಿದ್ದರು. ರಸ್ತೆ ದಾಟುವ ಪಟ್ಟೆಯ ಹತ್ತಿರ ಕೆಂಪು ದೀಪಕ್ಕೆ ನಿಂತಾಗ ಪುಟ್ಟಿ ಹೇಳಿದಳು: "ಮನೇಲಿ ಹೇಳಿದ್ರೆ ನೀನು ಮೊದಲನೇ ಪದಕ್ಕೇ ನಿಲ್ಲಿಸ್ತಿದ್ದೆ ಅಮ್ಮ. ಅದಕ್ಕೇ."

"ಹೇಡಿ" ಅಂದಳು ತಾಯಿ.

"ಹೌದು" ಅಂದಳು ಪುಟ್ಟಿ. "ನೀನು ಕೆಲಸ ಬಿಟ್ಟಿದ್ದು?"

"ಅದು ನಾಟಕ. ಮನೇಲಿ ಒಬ್ಬರಾದ್ರೂ ದುಡೀಬೇಕಲ್ಲ."

ಪುಟ್ಟಿಯ ಉಸಿರು ಇಳಿದದ್ದು ಕೇಳಿಸಿತು. "ಮತ್ತೆ... ನಂಗೆ ಹೌದು ಅಂದಿದ್ದು? ಅದೂ ನಾಟಕನಾ?"

ದೀಪ ಹಸಿರಾಯಿತು. ತಾಯಿ ದಾಟಲಿಲ್ಲ. ಎದುರಿನ ರಸ್ತೆಯನ್ನು ನೋಡುತ್ತ ನಿಂತಳು. ಆ ಕೋಟು ಇನ್ನೂ ಬಾಗಿಲ ಹಿಂದೆ ಇಸ್ತ್ರಿಯಾಗಿ ತೂಗುತ್ತಿರುತ್ತದೆ. ಆ ಗಾಜಿನ ಕೌಂಟರು, ಅದರ ಹಿಂದಿನ ಗಂಭೀರ ಹುಡುಗಿ. ಇದೆಲ್ಲ ಶುದ್ಧ ದಡ್ಡತನ, ಮೂರು ಕಾಸಿನ ಬಾಳು, ಅದರಲ್ಲಿ ಅವಳಿಗೆ ಈಗಲೂ ಎಳ್ಳಷ್ಟೂ ಸಂಶಯವಿರಲಿಲ್ಲ.

"ಹೇಳಿಯಾಗಿದೆ" ಅಂದಳು.

ರಸ್ತೆ ದಾಟಿದರು. ಮಗಳ ಜೊತೆ ಒಂದು ಸಲ ನಾಟಕ ಮಾಡುತ್ತೇನೆ, ಏನು ಹೇಳಿದರೂ ಬೇಡ ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ ಅಂದಿದ್ದಳು. ಮಾಡಿದಳು. ಅನ್ನಲಿಲ್ಲ.